ಕುತ್ತಿಗೆಯ ಸುಕ್ಕು ಮತ್ತು ಸಡಿಲ ಚರ್ಮದ ಸೌಂದರ್ಯ ಚಿಕಿತ್ಸೆಗಳು

ಕುತ್ತಿಗೆಯ ಸುಕ್ಕು ಮತ್ತು ಸಡಿಲ ಚರ್ಮದ ಸೌಂದರ್ಯ ಚಿಕಿತ್ಸೆಗಳು ಎಂದರೆ ವಯಸ್ಸು, ಬಿಸಿಲು, ತೂಕದ ಏರಿಳಿತ ಮುಂತಾದ ಕಾರಣಗಳಿಂದ ಕುತ್ತಿಗೆಯಲ್ಲಿ ಕಾಣಿಸಿಕೊಳ್ಳುವ ಗೆರೆ, ಮಡಿಕೆ ಮತ್ತು ಜೋಲುವಿಕೆಯನ್ನು ಕಡಿಮೆ ಮಾಡಲು ಬಳಸುವ ವೈದ್ಯಕೀಯ ವಿಧಾನಗಳು. ಹಚ್ಚುವ ಲೇಪನಗಳು, ಚುಚ್ಚುಮದ್ದುಗಳು, ಲೇಸರ್ ಮತ್ತು ಶಾಖವನ್ನು ಬಳಸುವ ಯಂತ್ರಗಳು ಹಾಗೂ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಸೇರಿವೆ. ಕುತ್ತಿಗೆಯ ಸುಕ್ಕು ಸಾಮಾನ್ಯವಾಗಿ ರೋಗವಲ್ಲ. ಆದ್ದರಿಂದ ಇವುಗಳಲ್ಲಿ ಯಾವುದೂ ಪ್ರಾಣರಕ್ಷಣೆಗೆ ಅಗತ್ಯವಾದ ಚಿಕಿತ್ಸೆಯಲ್ಲ, ವ್ಯಕ್ತಿಯ ಇಚ್ಛೆಗೆ ಬಿಟ್ಟದ್ದು.

ಕುತ್ತಿಗೆಯ ಜೋಲುವಿಕೆ ಒಂದೇ ಬಗೆಯದಲ್ಲ. ಅದು ಚರ್ಮದಲ್ಲಿರಬಹುದು, ಚರ್ಮದ ಕೆಳಗಿನ ಕೊಬ್ಬಿನಲ್ಲಿರಬಹುದು, ಅದಕ್ಕೂ ಆಳದ ಸ್ನಾಯುವಿನಲ್ಲಿರಬಹುದು. ಯಾವ ಪದರದಲ್ಲಿ ದೋಷವಿದೆಯೋ ಆ ಪದರವನ್ನು ತಲುಪುವ ಚಿಕಿತ್ಸೆ ಮಾತ್ರ ಫಲ ನೀಡುತ್ತದೆ. ಹಣ ಖರ್ಚಾಗಿಯೂ ಫಲ ಕಾಣದ ಅನೇಕ ಪ್ರಸಂಗಗಳಿಗೆ ಈ ಹೊಂದಾಣಿಕೆ ತಪ್ಪುವುದೇ ಕಾರಣ.

ಕುತ್ತಿಗೆಯ ರಚನೆ

ಕುತ್ತಿಗೆಯ ಮುಂಭಾಗದ ಚರ್ಮವು ಮುಖದ ಚರ್ಮಕ್ಕಿಂತ ತೆಳುವಾದುದು. ಅದರಲ್ಲಿ ಎಣ್ಣೆಯಂಶವನ್ನು ಸ್ರವಿಸುವ ಗ್ರಂಥಿಗಳೂ ರೋಮಕೂಪಗಳೂ ಕಡಿಮೆ. ಗಾಯವಾದಾಗ ಹೊಸ ಚರ್ಮವು ಹೆಚ್ಚಾಗಿ ಈ ರೋಮಕೂಪಗಳ ಅಂಚಿನಿಂದಲೇ ಬೆಳೆದುಬರುವುದರಿಂದ, ಮುಖಕ್ಕೆ ಹೋಲಿಸಿದರೆ ಕುತ್ತಿಗೆ ನಿಧಾನವಾಗಿ ಮಾಯುತ್ತದೆ. ಮುಖ ತಾಳಿಕೊಳ್ಳುವ ಲೇಸರ್ ಅಥವಾ ರಾಸಾಯನಿಕದ ಪ್ರಮಾಣವನ್ನು ಕುತ್ತಿಗೆ ತಾಳಿಕೊಳ್ಳದಿರಲು ಇದೇ ಕಾರಣ.

ಹೊರಚರ್ಮದ ಕೆಳಗೆ ಒಳಚರ್ಮವಿದೆ. ಅದರಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಚರ್ಮಕ್ಕೆ ಬಿಗಿಯನ್ನೂ, ಎಲಾಸ್ಟಿನ್ ಎಂಬ ಪ್ರೋಟೀನು ಎಳೆದು ಬಿಟ್ಟಾಗ ಹಿಂದಿನ ಸ್ಥಿತಿಗೆ ಮರಳುವ ಗುಣವನ್ನೂ ಕೊಡುತ್ತವೆ. ಒಳಚರ್ಮದ ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಪ್ಲಾಟಿಸ್ಮಾ ಎಂಬ ತೆಳ್ಳನೆಯ ಹಾಳೆಯಂತಹ ಸ್ನಾಯು ಇವೆ. ಎದೆಯ ಮೇಲ್ಭಾಗದಿಂದ ಹೊರಟು ಕೊರಳೆಲುಬನ್ನು ದಾಟಿ ದವಡೆಯವರೆಗೆ ಇದು ಎರಡೂ ಬದಿಗಳಲ್ಲಿ ಹರಡಿಕೊಂಡಿದೆ. ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ ತುಟಿಯ ಮೂಲೆಗಳನ್ನು ಕೆಳಕ್ಕೆ ಎಳೆದರೆ ಕನ್ನಡಿಯಲ್ಲಿ ಈ ಸ್ನಾಯು ಎದ್ದು ಕಾಣುತ್ತದೆ. ವಯಸ್ಸಾದಂತೆ ಎರಡೂ ಬದಿಯ ಹಾಳೆಗಳ ಒಳ ಅಂಚುಗಳು ದೂರ ಸರಿದು, ಗದ್ದದ ಕೆಳಗೆ ಹಗ್ಗದಂತೆ ಲಂಬವಾಗಿ ಉಬ್ಬಿ ನಿಲ್ಲುತ್ತವೆ.

ಕಾರಣಗಳು

ವಯಸ್ಸು ಮೊದಲನೆಯ ಕಾರಣ. ಪ್ರೌಢ ವಯಸ್ಸಿನ ನಂತರ ಚರ್ಮದ ಕೊಲಾಜೆನ್ ಪ್ರತಿವರ್ಷ ಸುಮಾರು ಶೇಕಡ 1ರಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜಿಸಲಾಗಿದೆ. ಮಹಿಳೆಯರಲ್ಲಿ ಮುಟ್ಟು ನಿಂತ ನಂತರದ ಮೊದಲ ಕೆಲವು ವರ್ಷಗಳಲ್ಲಿ ಈ ಇಳಿಕೆ ವೇಗ ಪಡೆಯುತ್ತದೆ.

ಬಿಸಿಲು ಎರಡನೆಯ ಕಾರಣ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಬಿ ವರ್ಗದವು ಮುಖ್ಯವಾಗಿ ಹೊರಚರ್ಮವನ್ನು ಸುಡುತ್ತವೆ. ಎ ವರ್ಗದವು ಒಳಚರ್ಮಕ್ಕೆ ಇಳಿದು ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳನ್ನು ಹಾಳುಗೆಡವುತ್ತವೆ. ಎ ಕಿರಣಗಳು ಮೋಡವನ್ನೂ ಸಾಧಾರಣ ಕಿಟಕಿ ಗಾಜನ್ನೂ ಬಹುಮಟ್ಟಿಗೆ ದಾಟಿ ಬರುತ್ತವೆ. ಬಿಸಿಲಿಗೆ ಸದಾ ಒಡ್ಡಿದ ಕತ್ತಿನ ಹಿಂಭಾಗದಲ್ಲಿ ಆಳವಾದ ಗೆರೆಗಳು ಒಂದನ್ನೊಂದು ಅಡ್ಡಹಾಯ್ದು ಚೌಕಳಿಯಂತೆ ಮೂಡುವುದುಂಟು. ಗದ್ದದ ನೆರಳು ಬೀಳುವ ಜಾಗ ಮಾತ್ರ ನುಣುಪಾಗಿ ಉಳಿಯುವುದನ್ನು ನೋಡಿದರೆ ಬಿಸಿಲಿನ ಪಾತ್ರ ಎಷ್ಟೆಂಬುದು ತಿಳಿಯುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲೂಕುಗಳಲ್ಲಿ ಈ ಕಾರಣಕ್ಕೆ ವಿಶೇಷ ಮಹತ್ವವಿದೆ. ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿರುವ ಈ ಬಯಲುಸೀಮೆಯಲ್ಲಿ ವರ್ಷದ ಬಹುಭಾಗ ಸೂರ್ಯ ನಡುನೆತ್ತಿಯ ಸಮೀಪದಲ್ಲಿ ಹಾಯುತ್ತಾನೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ತರಕಾರಿ ಮತ್ತು ಹೂವಿನ ತೋಟಗಳಲ್ಲಿ ಬಗ್ಗಿ ದುಡಿಯುವವರು ಕತ್ತಿನ ಹಿಂಭಾಗವನ್ನು ಗಂಟೆಗಟ್ಟಲೆ ಬಿಸಿಲಿಗೆ ಒಡ್ಡಿರುತ್ತಾರೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1000 ಮೀಟರಿಗೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಕಳವಾರ ದುರ್ಗವೆಂದೂ ಕರೆಯಲಾಗುವ ಸ್ಕಂದಗಿರಿಯ ಎತ್ತರ ಸುಮಾರು 1450 ಮೀಟರ್. ಸೂರ್ಯೋದಯ ನೋಡಲೆಂದು ನಸುಕಿನಲ್ಲಿ ಬೆಟ್ಟ ಹತ್ತುವವರು ಮಂಜು ಮತ್ತು ತಂಗಾಳಿಯಲ್ಲಿ ಬಿಸಿಲನ್ನು ಮರೆತಿರುತ್ತಾರೆ. ಇಳಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಗಾಳಿ ತಂಪಾಗಿದೆ ಎಂದ ಮಾತ್ರಕ್ಕೆ ಕಿರಣಗಳು ದುರ್ಬಲವಾಗಿವೆ ಎಂದು ಅರ್ಥವಲ್ಲ.

ಇತರ ಕಾರಣಗಳು ಇವು:

• ಅಲ್ಪಕಾಲದಲ್ಲಿ ತೂಕ ಬಹಳ ಇಳಿಯುವುದು. ಕೊಬ್ಬು ಕರಗಿದ ವೇಗದಲ್ಲಿ ಚರ್ಮ ಕುಗ್ಗುವುದಿಲ್ಲ.
• ಧೂಮಪಾನ. ಇದು ಚರ್ಮದ ರಕ್ತಸಂಚಾರವನ್ನು ತಗ್ಗಿಸುತ್ತದೆ ಮತ್ತು ಕೊಲಾಜೆನ್ ನಾಶವನ್ನು ಹೆಚ್ಚಿಸುತ್ತದೆ.
• ಅನುವಂಶೀಯತೆ ಮತ್ತು ಎಲುಬಿನ ರಚನೆ. ಗದ್ದ ಹಿಂದಕ್ಕೆ ಸರಿದಿದ್ದರೆ ತೆಳ್ಳಗಿರುವವರಲ್ಲಿಯೂ ಕುತ್ತಿಗೆ ತುಂಬಿದಂತೆ ಕಾಣುತ್ತದೆ.
• ಸ್ಟೀರಾಯ್ಡ್ ಲೇಪನಗಳ ದುರ್ಬಳಕೆ. ಚರ್ಮ ಬೆಳ್ಳಗಾಗಲೆಂದು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚುವ ಇಂತಹ ಲೇಪನಗಳು ಚರ್ಮವನ್ನು ತೆಳುವಾಗಿಸಿ ಸುಕ್ಕನ್ನು ಹೆಚ್ಚಿಸುತ್ತವೆ. ಭಾರತ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಕುತ್ತಿಗೆಯ ಅಡ್ಡಗೆರೆಗಳು ಮಾತ್ರ ಬೇರೆ ಬಗೆಯವು. ಅವು ಕತ್ತು ಬಾಗುವ ಜಾಗದ ಸಹಜ ಮಡಿಕೆಗಳು. ಎಳೆಯ ಮಕ್ಕಳಲ್ಲಿಯೂ ಇರುತ್ತವೆ. ಅವುಗಳ ಇರುವಿಕೆಯೊಂದೇ ಮುಪ್ಪಿನ ಗುರುತಲ್ಲ.

ಸುಕ್ಕೆಂದು ತಪ್ಪಾಗಿ ತಿಳಿಯಬಹುದಾದ ಲಕ್ಷಣಗಳು

ಕುತ್ತಿಗೆಯ ಕೆಲವು ಬದಲಾವಣೆಗಳು ಸೌಂದರ್ಯದ ಪ್ರಶ್ನೆಯಾಗಿ ಕಂಡರೂ ರೋಗದ ಸೂಚನೆಗಳಾಗಿರುತ್ತವೆ. ಸೌಂದರ್ಯ ಚಿಕಿತ್ಸೆಗೆ ಮೊದಲು ಇವುಗಳನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು.

• ಕತ್ತಿನ ಹಿಂಭಾಗ ಮತ್ತು ಬದಿಗಳಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನಂತೆ ಆಗುವುದು. ಇದನ್ನು ಕೊಳೆಯೆಂದು ತಿಳಿದು ತಿಕ್ಕಿ ತೊಳೆಯುವುದುಂಟು. ಇದು ಬಹುಮಟ್ಟಿಗೆ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲವೆಂಬುದರ ಲಕ್ಷಣ. ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.
• ಕುತ್ತಿಗೆಯ ಮುಂಭಾಗದಲ್ಲಿ, ನುಂಗುವಾಗ ಮೇಲೆ ಕೆಳಗೆ ಚಲಿಸುವ ಉಬ್ಬು. ಇದು ಕೊಬ್ಬಲ್ಲ, ಥೈರಾಯ್ಡ್ ಗ್ರಂಥಿಯ ಊತವಾದ ಗಳಗಂಡವಿರಬಹುದು.
• ಕುತ್ತಿಗೆಯ ಬದಿಯಲ್ಲಿ ವಾರಗಟ್ಟಲೆ ಉಳಿಯುವ ಗಂಟುಗಳು. ಕ್ಷಯದಿಂದ ಬರುವ ಗಂಡಮಾಲೆ ಅಥವಾ ಇತರ ಗಂಭೀರ ಕಾಯಿಲೆಗಳು ಇದಕ್ಕೆ ಕಾರಣವಾಗಿರಬಹುದು.
• ಪ್ರಯತ್ನವಿಲ್ಲದೆ ತೂಕ ಇಳಿದು ಚರ್ಮ ಜೋತುಬೀಳುವುದು. ಇಲ್ಲಿ ಮೊದಲು ಹುಡುಕಬೇಕಾದದ್ದು ತೂಕ ಇಳಿದ ಕಾರಣವನ್ನು.

ವರ್ಗೀಕರಣ ಮತ್ತು ತಪಾಸಣೆ

1980ರಲ್ಲಿ ಡೆಡೊ ಎಂಬ ಶಸ್ತ್ರವೈದ್ಯರು ಕುತ್ತಿಗೆಯ ಸ್ಥಿತಿಯನ್ನು ಆರು ವರ್ಗಗಳಾಗಿ ವಿಂಗಡಿಸಿದರು: ದೋಷವಿಲ್ಲದ ಕುತ್ತಿಗೆ, ಚರ್ಮದ ಸಡಿಲತೆ, ಕೊಬ್ಬಿನ ಶೇಖರಣೆ, ಪ್ಲಾಟಿಸ್ಮಾ ಪಟ್ಟಿಗಳು, ಹಿಂದೆ ಸರಿದ ಗದ್ದ, ಕೆಳಗಿರುವ ಹಯಾಯ್ಡ್ ಎಲುಬು. ಈ ವಿಂಗಡಣೆಯು ದೋಷವಿರುವ ಪದರವನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಅದೇ ವರ್ಷ ಎಲೆನ್‌ಬೋಗನ್ ಮತ್ತು ಕಾರ್ಲಿನ್ ಎಂಬವರು ಗದ್ದದ ತಳ ಮತ್ತು ಕುತ್ತಿಗೆಯ ನಡುವಿನ ಕೋನವು ಯೌವನದಲ್ಲಿ 105ರಿಂದ 120 ಡಿಗ್ರಿಗಳಷ್ಟಿರುತ್ತದೆ ಎಂಬ ಅಳತೆಯನ್ನು ಮುಂದಿಟ್ಟರು.

ತಪಾಸಣೆಯಲ್ಲಿ ವೈದ್ಯರು ಚರ್ಮವನ್ನು ಎರಡು ಬೆರಳುಗಳ ನಡುವೆ ಹಿಡಿದು ಬಿಟ್ಟು, ಅದು ಎಷ್ಟು ಬೇಗ ಮೊದಲಿನ ಸ್ಥಿತಿಗೆ ಬರುತ್ತದೆ ಎಂದು ನೋಡುತ್ತಾರೆ. ಗದ್ದದ ಕೆಳಗೆ ಹಿಡಿದಾಗ ಸಿಗುವುದು ಬರಿಯ ಚರ್ಮವೋ ಅದರೊಡನೆ ಕೊಬ್ಬೂ ಇದೆಯೋ ಎಂದು ಪರಿಶೀಲಿಸುತ್ತಾರೆ. ಹಲ್ಲು ಕಚ್ಚಿಸಿ ಸ್ನಾಯುವಿನ ಪಟ್ಟಿಗಳನ್ನು ಗಮನಿಸುತ್ತಾರೆ. ಈ ಪರೀಕ್ಷೆಗೆ ಯಂತ್ರಗಳ ಅಗತ್ಯವಿಲ್ಲ. ಕೈಯಿಂದ ಮುಟ್ಟಿ ನೋಡದೆ, ಛಾಯಾಚಿತ್ರವನ್ನಷ್ಟೇ ನೋಡಿ ಚಿಕಿತ್ಸೆ ಸೂಚಿಸುವುದು ಸರಿಯಾದ ಕ್ರಮವಲ್ಲ.

ಚಿಕಿತ್ಸಾ ವಿಧಾನಗಳು

ಹಚ್ಚುವ ಲೇಪನಗಳು

ಲೇಪನಗಳು ಹೊರಚರ್ಮ ಮತ್ತು ಒಳಚರ್ಮದ ಮೇಲ್ಭಾಗವನ್ನು ಮಾತ್ರ ತಲುಪುತ್ತವೆ. ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದುದು ವಿಟಮಿನ್ ಎ ಮೂಲದ ಟ್ರೆಟಿನಾಯಿನ್. ತಿಂಗಳುಗಟ್ಟಲೆ ನಿಯಮಿತವಾಗಿ ಬಳಸಿದರೆ ಇದು ಸಣ್ಣ ಗೆರೆಗಳನ್ನೂ ಒರಟುತನವನ್ನೂ ಕಡಿಮೆ ಮಾಡುತ್ತದೆ. ಕುತ್ತಿಗೆಯ ಚರ್ಮ ಬೇಗ ಕೆಂಪಾಗಿ ಸಿಪ್ಪೆ ಏಳುವುದರಿಂದ ಕಡಿಮೆ ಸಾಂದ್ರತೆಯಲ್ಲಿ, ದಿನ ಬಿಟ್ಟು ದಿನ ಆರಂಭಿಸುವುದು ವಾಡಿಕೆ. ಗರ್ಭಿಣಿಯರು ಇದನ್ನು ಬಳಸಬಾರದು. ತೇವ ಉಳಿಸುವ ಲೇಪನಗಳು ಚರ್ಮವನ್ನು ತಾತ್ಕಾಲಿಕವಾಗಿ ತುಂಬಿದಂತೆ ಕಾಣಿಸುತ್ತವೆ. ಜೋತುಬಿದ್ದ ಚರ್ಮವನ್ನು ಮೇಲೆತ್ತುವ ಶಕ್ತಿ ಯಾವ ಲೇಪನಕ್ಕೂ ಇಲ್ಲ.

ರಾಸಾಯನಿಕ ಸಿಪ್ಪೆ ತೆಗೆಯುವಿಕೆ

ಗ್ಲೈಕಾಲಿಕ್ ಆಮ್ಲದಂತಹ ದ್ರವಗಳನ್ನು ಹಚ್ಚಿ ಹೊರಚರ್ಮದ ಮೇಲಿನ ಪದರವನ್ನು ಉದುರಿಸುವ ವಿಧಾನವಿದು. ಬಣ್ಣದ ಏರುಪೇರು ಮತ್ತು ತೆಳು ಗೆರೆಗಳಿಗೆ ಉಪಯುಕ್ತ. ಕುತ್ತಿಗೆಗೆ ಮೇಲ್ಪದರದ ಸಿಪ್ಪೆ ಮಾತ್ರ ಸುರಕ್ಷಿತವೆಂದು ಪರಿಗಣಿಸಲಾಗುತ್ತದೆ. ಆಳಕ್ಕೆ ಇಳಿದರೆ ಕಲೆ ಉಳಿಯುತ್ತದೆ.

ಬೊಟುಲಿನಮ್ ಟಾಕ್ಸಿನ್

ಬೊಟಾಕ್ಸ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಈ ಔಷಧವು ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ಇದು ಪ್ಲಾಟಿಸ್ಮಾದ ಲಂಬ ಪಟ್ಟಿಗಳಿಗೆ ಮಾತ್ರ ಒಪ್ಪುವ ಚಿಕಿತ್ಸೆ. ಪರಿಣಾಮ ಸುಮಾರು ಮೂರು, ನಾಲ್ಕು ತಿಂಗಳು ಉಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಈ ಪಟ್ಟಿಗಳ ಚಿಕಿತ್ಸೆಗೆ ಇದನ್ನು ಅನುಮೋದಿಸಿತು. ಪ್ರಮಾಣ ಹೆಚ್ಚಾದರೆ ಅಥವಾ ಆಳಕ್ಕೆ ಹೋದರೆ ನುಂಗಲು ತೊಂದರೆ, ಧ್ವನಿಯ ಬದಲಾವಣೆ, ಕತ್ತಿನ ನಿಶ್ಶಕ್ತಿ ಉಂಟಾಗಬಹುದು.

ಭರ್ತಿ ಚುಚ್ಚುಮದ್ದು

ಹಯಲುರಾನಿಕ್ ಆಮ್ಲದ ಜೆಲ್ಲನ್ನು ಅಡ್ಡಗೆರೆಗಳ ಕೆಳಗೆ ಚುಚ್ಚಿ ತಗ್ಗನ್ನು ತುಂಬಲಾಗುತ್ತದೆ. ಇದನ್ನು ಫಿಲ್ಲರ್ ಎಂದು ಕರೆಯುತ್ತಾರೆ. ತೆಳು ಚರ್ಮದ ಕೆಳಗೆ ಜೆಲ್ ಗಂಟುಗಂಟಾಗಿ ಕಾಣುವುದು ಇದರ ಸಾಮಾನ್ಯ ತೊಡಕು. ಜೆಲ್ ರಕ್ತನಾಳದೊಳಗೆ ಹೋದರೆ ಆ ಭಾಗದ ಚರ್ಮ ಸಾಯಬಹುದು. ಇದು ಅಪರೂಪವಾದರೂ ಗಂಭೀರ. ಜೆಲ್ಲನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವ ಸಿದ್ಧವಿಲ್ಲದ ಜಾಗದಲ್ಲಿ ಈ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಾರದು.

ಕೊಬ್ಬು ಕರಗಿಸುವ ಚಿಕಿತ್ಸೆಗಳು

ಪಿತ್ತರಸದಲ್ಲಿ ಸಹಜವಾಗಿರುವ ಡಿಆಕ್ಸಿಕೋಲಿಕ್ ಆಮ್ಲವನ್ನು ಗದ್ದದ ಕೆಳಗಿನ ಕೊಬ್ಬಿಗೆ ಚುಚ್ಚಿದರೆ ಅಲ್ಲಿನ ಕೊಬ್ಬಿನ ಕೋಶಗಳು ನಾಶವಾಗುತ್ತವೆ. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಅನುಮೋದನೆ ದೊರೆಯಿತು. ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಗರಿಷ್ಠ ಆರು ಬಾರಿ ಕೊಡಲಾಗುತ್ತದೆ. ಕೆಲವು ದಿನಗಳ ಊತ ಮತ್ತು ನೋವು ಸಾಮಾನ್ಯ. ದವಡೆಯ ಅಂಚಿನ ನರಕ್ಕೆ ತಗುಲಿದರೆ ನಗು ಸೊಟ್ಟಗಾಗಬಹುದು. ಕೊಬ್ಬನ್ನು ತಂಪುಗೊಳಿಸಿ ನಾಶಮಾಡುವ ಯಂತ್ರಗಳೂ ಇವೆ. ಗಮನಿಸಬೇಕಾದ ಅಂಶವೆಂದರೆ, ಚರ್ಮ ಮೊದಲೇ ಸಡಿಲವಾಗಿದ್ದವರಲ್ಲಿ ಕೊಬ್ಬು ಕರಗಿದ ಮೇಲೆ ಜೋಲುವಿಕೆ ಇನ್ನಷ್ಟು ಎದ್ದು ಕಾಣುತ್ತದೆ.

ಶಾಖ, ಧ್ವನಿತರಂಗ ಮತ್ತು ಲೇಸರ್

ರೇಡಿಯೋ ತರಂಗಗಳು ಒಳಚರ್ಮವನ್ನು ಬಿಸಿಮಾಡಿ ಕೊಲಾಜೆನ್ ಕುಗ್ಗುವಂತೆಯೂ ಹೊಸದಾಗಿ ಉತ್ಪತ್ತಿಯಾಗುವಂತೆಯೂ ಮಾಡುತ್ತವೆ. ಸೂಕ್ಷ್ಮಸೂಜಿಗಳ ಮೂಲಕ ಈ ಶಾಖವನ್ನು ಆಳಕ್ಕೆ ಕಳುಹಿಸುವ ಯಂತ್ರಗಳೂ ಬಳಕೆಯಲ್ಲಿವೆ. ಕೇಂದ್ರೀಕೃತ ಧ್ವನಿತರಂಗದ ಯಂತ್ರವು 1.5ರಿಂದ 4.5 ಮಿಲಿಮೀಟರ್ ಆಳದಲ್ಲಿ ಚುಕ್ಕಿಚುಕ್ಕಿಯಾಗಿ ಶಾಖ ನೀಡುತ್ತದೆ. ಅಮೆರಿಕದಲ್ಲಿ 2012ರಲ್ಲಿ ಇದನ್ನು ಕುತ್ತಿಗೆ ಮತ್ತು ಗದ್ದದ ಕೆಳಭಾಗವನ್ನು ಮೇಲೆತ್ತಲು ಬಳಸಲು ಅನುಮತಿಸಲಾಯಿತು. ಫ್ರ್ಯಾಕ್ಷನಲ್ ಲೇಸರ್ ಚರ್ಮದಲ್ಲಿ ಅತಿಸಣ್ಣ ರಂಧ್ರಗಳ ಸಾಲುಗಳನ್ನು ಮಾಡಿ, ನಡುವಿನ ಚರ್ಮವನ್ನು ಮುಟ್ಟದೆ ಬಿಡುತ್ತದೆ. ಉಳಿದ ಚರ್ಮದಿಂದ ಗಾಯ ಬೇಗ ಮಾಯುತ್ತದೆ.

ಈ ಎಲ್ಲ ವಿಧಾನಗಳಲ್ಲಿ ಫಲ ಎರಡು, ಮೂರು ತಿಂಗಳಲ್ಲಿ ನಿಧಾನವಾಗಿ ಕಾಣುತ್ತದೆ. ಅಲ್ಪ ಅಥವಾ ಮಧ್ಯಮ ಸಡಿಲತೆಗೆ ಇವು ಪ್ರಯೋಜನಕಾರಿ. ಮಡಿಕೆಯಾಗಿ ತೂಗುವ ಚರ್ಮವನ್ನು ಇವು ಇಲ್ಲವಾಗಿಸಲಾರವು. ಸುಟ್ಟಗಾಯ, ನರದ ಪೆಟ್ಟು, ಬೇಡದ ಜಾಗದ ಕೊಬ್ಬು ಕರಗುವುದು ಇವುಗಳ ತೊಡಕುಗಳು.

ದಾರದ ಎತ್ತುವಿಕೆ

ದೇಹದಲ್ಲಿ ಕರಗುವ, ಮುಳ್ಳುಗಳಂತಹ ಹಿಡಿಗಳುಳ್ಳ ದಾರವನ್ನು ಚರ್ಮದ ಕೆಳಗೆ ಪೋಣಿಸಿ ಎಳೆದು ನಿಲ್ಲಿಸುವ ವಿಧಾನವಿದು. ದೊಡ್ಡ ಗಾಯವಿಲ್ಲ, ಆದರೆ ಫಲ ಮಿತವಾದುದು ಮತ್ತು ತಾತ್ಕಾಲಿಕ. ಚರ್ಮದಲ್ಲಿ ಗುಳಿ ಬೀಳುವುದು, ದಾರದ ತುದಿ ಹೊರಬರುವುದು, ಸೋಂಕು ಇದರ ತೊಡಕುಗಳು.

ಶಸ್ತ್ರಚಿಕಿತ್ಸೆ

ಚರ್ಮದ ಬಿಗಿ ಚೆನ್ನಾಗಿದ್ದು ಕೊಬ್ಬು ಮಾತ್ರ ಹೆಚ್ಚಿದ್ದರೆ, ಸಣ್ಣ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಸಾಕಾಗುತ್ತದೆ. ಸ್ನಾಯುವಿನ ಅಂಚುಗಳು ಬೇರೆಯಾಗಿದ್ದರೆ ಗದ್ದದ ಕೆಳಗೆ ಸಣ್ಣ ಕೊಯ್ತ ಮಾಡಿ ಅವೆರಡನ್ನೂ ಹೊಲಿದು ಸೇರಿಸಲಾಗುತ್ತದೆ. ಇದಕ್ಕೆ ಪ್ಲಾಟಿಸ್ಮಾಪ್ಲಾಸ್ಟಿ ಎಂದು ಹೆಸರು. ಚರ್ಮವೂ ಹೆಚ್ಚಾಗಿದ್ದರೆ ಕಿವಿಯ ಹಿಂದೆ ಕೊಯ್ದು, ಚರ್ಮವನ್ನು ಹಿಂದಕ್ಕೆಳೆದು, ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಇದು ನೆಕ್ ಲಿಫ್ಟ್. ತೀವ್ರವಾದ ಜೋಲುವಿಕೆಗೆ ಖಚಿತ ಫಲ ನೀಡುವ ವಿಧಾನ ಇದೊಂದೇ. ಫಲ ಅನೇಕ ವರ್ಷ ಉಳಿಯುತ್ತದೆಯಾದರೂ ಚರ್ಮದ ವಯಸ್ಸಾಗುವಿಕೆ ನಿಲ್ಲುವುದಿಲ್ಲ.

ಚರ್ಮದ ಕೆಳಗೆ ರಕ್ತ ಸಂಗ್ರಹವಾಗಿ ಗಂಟಾಗುವುದು ಇದರ ಮುಖ್ಯ ತೊಡಕು. ಕುತ್ತಿಗೆಯಲ್ಲಿ ಅದು ಹೆಚ್ಚಾದರೆ ಉಸಿರಾಟಕ್ಕೂ ಅಡ್ಡಿಯಾಗಬಲ್ಲದು. ಕಿವಿಯ ಸುತ್ತ ಸ್ಪರ್ಶಜ್ಞಾನ ಕುಂದುವುದು, ಗಾಯದ ಅಂಚಿನ ಚರ್ಮ ಸಾಯುವುದು, ಉಬ್ಬಿದ ಕಲೆ ಇತರ ತೊಡಕುಗಳು. ಧೂಮಪಾನಿಗಳಲ್ಲಿ ಚರ್ಮ ಸಾಯುವ ಸಂಭವ ಹೆಚ್ಚಾದ್ದರಿಂದ ಕೆಲವು ವಾರ ಮೊದಲೇ ಅದನ್ನು ಬಿಡುವಂತೆ ವೈದ್ಯರು ಹೇಳುತ್ತಾರೆ. ರಕ್ತ ತೆಳುಗೊಳಿಸುವ ಮಾತ್ರೆ, ರಕ್ತದೊತ್ತಡ ಮತ್ತು ಮಧುಮೇಹದ ವಿವರವನ್ನು ಮುಚ್ಚಿಡಬಾರದು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂ ಬಾರದು.

ಪದರ ಮತ್ತು ಚಿಕಿತ್ಸೆ: ಸಾರಾಂಶ

• ಒರಟು ಚರ್ಮ, ತೆಳು ಗೆರೆ: ಬಿಸಿಲಿನ ರಕ್ಷಣೆ, ಟ್ರೆಟಿನಾಯಿನ್, ಮೇಲ್ಪದರದ ಸಿಪ್ಪೆ.
• ಆಳವಾದ ಅಡ್ಡಗೆರೆ: ಭರ್ತಿ ಚುಚ್ಚುಮದ್ದು, ಫ್ರ್ಯಾಕ್ಷನಲ್ ಲೇಸರ್.
• ಅಲ್ಪ ಸಡಿಲತೆ: ರೇಡಿಯೋ ತರಂಗ, ಧ್ವನಿತರಂಗ.
• ಬಿಗಿ ಚರ್ಮದ ಕೆಳಗಿನ ಕೊಬ್ಬು: ಡಿಆಕ್ಸಿಕೋಲಿಕ್ ಆಮ್ಲ, ಲೈಪೋಸಕ್ಷನ್.
• ಲಂಬ ಪಟ್ಟಿಗಳು: ಬೊಟುಲಿನಮ್ ಟಾಕ್ಸಿನ್, ಸ್ನಾಯುವಿನ ಹೊಲಿಗೆ.
• ತೂಗುವ ಚರ್ಮ: ನೆಕ್ ಲಿಫ್ಟ್.

ಕಂದು ಚರ್ಮದಲ್ಲಿ ವಹಿಸಬೇಕಾದ ಎಚ್ಚರ

ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ಕ್ರಮದಲ್ಲಿ, ಬಿಸಿಲಿಗೆ ಪ್ರತಿಕ್ರಿಯಿಸುವ ರೀತಿಯನ್ನು ಆಧರಿಸಿ ಚರ್ಮವನ್ನು ವರ್ಗೀಕರಿಸಲಾಗುತ್ತದೆ. ಇಂದು ಬಳಕೆಯಲ್ಲಿರುವ ಆರು ವರ್ಗಗಳಲ್ಲಿ ಭಾರತೀಯರ ಚರ್ಮ ಹೆಚ್ಚಾಗಿ ನಾಲ್ಕು ಮತ್ತು ಐದನೆಯ ವರ್ಗಕ್ಕೆ ಸೇರುತ್ತದೆ. ಇದರಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು. ಮೆಲನಿನ್ ಬಿಸಿಲಿನಿಂದ ಸ್ವಲ್ಪಮಟ್ಟಿನ ರಕ್ಷಣೆ ಕೊಡುವುದರಿಂದ ಬಿಳಿಯ ಚರ್ಮಕ್ಕಿಂತ ತಡವಾಗಿ ಸುಕ್ಕು ಮೂಡುತ್ತದೆ. ಅದೇ ಮೆಲನಿನ್ ಚಿಕಿತ್ಸೆಯ ಹೊತ್ತಿನಲ್ಲಿ ತೊಡಕಾಗುತ್ತದೆ: ಲೇಸರ್, ಆಮ್ಲ ಅಥವಾ ಶಾಖದಿಂದ ಉರಿಯೂತವಾದರೆ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಬಿಳಿಯ ಚರ್ಮದವರ ಮೇಲೆ ಮಾಡಿದ ಚಿಕಿತ್ಸೆಯ ಚಿತ್ರಗಳನ್ನು ನೋಡಿ ಅದೇ ಫಲವನ್ನು ನಿರೀಕ್ಷಿಸಲಾಗದು. ಚಿಕಿತ್ಸೆಯ ಮೊದಲು ಕಿವಿಯ ಹಿಂದಿನ ಸಣ್ಣ ಜಾಗದಲ್ಲಿ ಪರೀಕ್ಷಿಸುವುದು, ಕಡಿಮೆ ಶಕ್ತಿಯಿಂದ ಆರಂಭಿಸುವುದು, ನಂತರ ಬಿಸಿಲಿನಿಂದ ಕಟ್ಟುನಿಟ್ಟಾಗಿ ದೂರವಿರುವುದು ಅಗತ್ಯ. ಗಾಯಗಳು ಉಬ್ಬಿ ಗಂಟಾಗುವ ಸ್ವಭಾವ ಕುಟುಂಬದಲ್ಲಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಹೊಲದಲ್ಲಿ ದುಡಿಯುವವರು ಇಂತಹ ಚಿಕಿತ್ಸೆಯ ಮರುವಾರವೇ ಬಿಸಿಲಿಗೆ ಇಳಿಯಬೇಕಾಗಿದ್ದರೆ ಆ ಚಿಕಿತ್ಸೆಯನ್ನು ಕೈಬಿಡುವುದೇ ಲೇಸು.

ಇತಿಹಾಸ

ದೇಹದ ರೂಪವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ತುಂಡಾದ ಮೂಗು ಮತ್ತು ಕಿವಿಯ ಹಾಲೆಯನ್ನು ಮರುನಿರ್ಮಿಸುವ ವಿವರಣೆಯಿದೆ. ಆಧುನಿಕ ಯುರೋಪಿಗೆ ಈ ವಿದ್ಯೆ ತಲುಪಿದ ಕಥೆಯಲ್ಲಿ ಮೈಸೂರು ರಾಜ್ಯಕ್ಕೂ ಒಂದು ಪಾತ್ರವಿದೆ. 1790ರಿಂದ 1792ರವರೆಗೆ ನಡೆದ ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಸ್ಕಂದಗಿರಿಯ ನೆರೆಯ ನಂದಿದುರ್ಗವು 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರ ವಶವಾಯಿತು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತಿನಗಾಡಿ ಹೊಡೆಯುತ್ತಿದ್ದ ಕೌಸಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅನಂತರ ಪುಣೆಯ ಕಡೆಯ ಸ್ಥಳೀಯ ವೈದ್ಯನೊಬ್ಬ ಆತನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದ. ಈ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಅದು ಕಳೆದುಹೋದ ಅಂಗದ ಮರುನಿರ್ಮಾಣ. ಸುಕ್ಕಿನ ಚಿಕಿತ್ಸೆ ಅದಕ್ಕಿಂತ ಬೇರೆಯಾದ ಉದ್ದೇಶದ್ದು.

ಮುಖದ ಸಡಿಲ ಚರ್ಮವನ್ನು ಕತ್ತರಿಸಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡಿತು. ಚರ್ಮವನ್ನಷ್ಟೇ ಎಳೆದರೆ ಫಲ ನಿಲ್ಲದೆಂಬುದು ಕ್ರಮೇಣ ತಿಳಿಯಿತು. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1970ರ ದಶಕದಲ್ಲಿ ಚರ್ಮದ ಜೊತೆಗೆ ಕೆಳಗಿನ ಪದರವನ್ನೂ ಎತ್ತುವ ಕ್ರಮವನ್ನು ಪ್ರಚುರಪಡಿಸಿದರು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಆ ಪದರದ ರಚನೆಯನ್ನು ವಿವರಿಸಿದರು. 1992ರಲ್ಲಿ ಕೆನಡಾದ ಕರಾಥರ್ಸ್ ದಂಪತಿಗಳು ಹುಬ್ಬುಗಳ ನಡುವಿನ ಗೆರೆಗಳಿಗೆ ಬೊಟುಲಿನಮ್ ಟಾಕ್ಸಿನ್ ಬಳಕೆಯ ವರದಿಯನ್ನು ಪ್ರಕಟಿಸಿದ ಮೇಲೆ ಕತ್ತರಿಯಿಲ್ಲದ ಚಿಕಿತ್ಸೆಗಳ ಕಾಲ ಆರಂಭವಾಯಿತು.

ಕರ್ನಾಟಕದಲ್ಲಿ ಕಾನೂನು ಮತ್ತು ಸುರಕ್ಷತೆ

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳೆಲ್ಲವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಹೊಂದಿರಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವು ನೋಂದಣಿಯನ್ನೂ ದೂರುಗಳನ್ನೂ ನೋಡಿಕೊಳ್ಳುತ್ತದೆ. ವೈದ್ಯರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು.

1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ ಪ್ರಕಾರ ಕಾಂತಿವರ್ಧಕವೆಂದರೆ ಚರ್ಮಕ್ಕೆ ಹಚ್ಚುವ, ಸುರಿಯುವ, ಚಿಮುಕಿಸುವ ಅಥವಾ ಸಿಂಪಡಿಸುವ ವಸ್ತು. ಚುಚ್ಚುವ ವಸ್ತು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಸೌಂದರ್ಯ ಮಳಿಗೆಯಲ್ಲಿ ಕಾಂತಿವರ್ಧಕದ ಹೆಸರಿನಲ್ಲಿ ಸೂಜಿಮದ್ದು ಕೊಡಲು ಅವಕಾಶವಿಲ್ಲ.

ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯೂ ಪೂರ್ಣ ಅರ್ಥದ ಶಸ್ತ್ರಚಿಕಿತ್ಸೆಯೇ ಎಂಬುದನ್ನು 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಘಟನೆಯೊಂದು ರಾಜ್ಯಕ್ಕೆ ನೆನಪಿಸಿತು. ಆ ವರ್ಷದ ಮೇ 16ರಂದು ಖಾಸಗಿ ಚಿಕಿತ್ಸಾಲಯವೊಂದರಲ್ಲಿ ದೇಹದ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೆಯ ವಯಸ್ಸಿನಲ್ಲಿ ನಿಧನರಾದರು. ಅದು ಕುತ್ತಿಗೆಯ ಚಿಕಿತ್ಸೆಯಾಗಿರಲಿಲ್ಲ. ಆದರೆ ಸೌಂದರ್ಯ ಚಿಕಿತ್ಸಾಲಯಗಳಲ್ಲಿ ತುರ್ತುಚಿಕಿತ್ಸೆಯ ಸೌಲಭ್ಯ ಇರಬೇಕೆಂಬ ವಿಷಯ ಅದರಿಂದ ಸಾರ್ವಜನಿಕ ಚರ್ಚೆಗೆ ಬಂದಿತು.

ಚಿಕಿತ್ಸೆಗೆ ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು:

• ಚಿಕಿತ್ಸೆ ಮಾಡುವವರು ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ? ಅವರ ನೋಂದಣಿ ಸಂಖ್ಯೆ ಯಾವುದು?
• ನನ್ನ ಕುತ್ತಿಗೆಯ ತೊಂದರೆ ಯಾವ ಪದರದಲ್ಲಿದೆ? ಈ ಚಿಕಿತ್ಸೆ ಆ ಪದರವನ್ನು ತಲುಪುತ್ತದೆಯೆ?
• ಎಷ್ಟು ಬಾರಿ ಬರಬೇಕು, ಫಲ ಎಷ್ಟು ಕಾಲ ಉಳಿಯುತ್ತದೆ, ಒಟ್ಟು ವೆಚ್ಚವೆಷ್ಟು?
• ಅರಿವಳಿಕೆ ಕೊಡುವ ತಜ್ಞರು ಯಾರು? ತೊಡಕಾದರೆ ತೀವ್ರನಿಗಾ ಘಟಕ ಎಲ್ಲಿದೆ?
• ಚುಚ್ಚುವ ಔಷಧದ ಶೀಶೆಯನ್ನು ನನ್ನೆದುರಿಗೆ ತೆರೆಯುತ್ತೀರಾ?

ಒಪ್ಪಿಗೆ ಪತ್ರವನ್ನು ಓದಿ ಅರ್ಥಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು. ಇಂಗ್ಲಿಷಿನಲ್ಲಿದ್ದು ತಿಳಿಯದಿದ್ದರೆ ಕನ್ನಡದಲ್ಲಿ ವಿವರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ರಸೀದಿ, ಚೀಟಿ ಮತ್ತು ಛಾಯಾಚಿತ್ರಗಳನ್ನು ಕಾಪಾಡಿಕೊಳ್ಳುವುದು ಉಪಯುಕ್ತ.

ವೆಚ್ಚ, ತೆರಿಗೆ ಮತ್ತು ವಿಮೆ

ಸಾಮಾನ್ಯ ವೈದ್ಯಕೀಯ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆ ವಿನಾಯಿತಿ ಇಲ್ಲ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಗಾಯ ಅಥವಾ ಅಪಘಾತದಿಂದಾದ ಹಾನಿಯನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ವಿನಾಯಿತಿ ಅನ್ವಯಿಸುತ್ತದೆ. ಆರೋಗ್ಯ ವಿಮೆಯೂ ಸೌಂದರ್ಯ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಸುಟ್ಟಗಾಯದಿಂದ ಕುತ್ತಿಗೆಯ ಚರ್ಮ ಸೆಟೆದು ತಲೆ ಎತ್ತಲಾಗದ ಸ್ಥಿತಿ ಉಂಟಾಗಿದ್ದರೆ ಅದು ಸೌಂದರ್ಯ ಚಿಕಿತ್ಸೆಯಲ್ಲ, ಮರುನಿರ್ಮಾಣ ಚಿಕಿತ್ಸೆ. ಈ ವ್ಯತ್ಯಾಸ ತಿಳಿಯದೆ ಅರ್ಹರು ಸಹಾಯದಿಂದ ವಂಚಿತರಾಗಬಾರದು.

ಮೇಲ್ಮಟ್ಟದ ವಿಧಾನಗಳಲ್ಲಿ ಬಹುತೇಕವನ್ನು ಪದೇ ಪದೇ ಮಾಡಿಸಬೇಕಾಗುತ್ತದೆ. ಒಂದು ಬಾರಿಯ ಶುಲ್ಕವನ್ನು ನೋಡದೆ ಐದು ವರ್ಷಗಳ ಒಟ್ಟು ವೆಚ್ಚವನ್ನು ಲೆಕ್ಕಹಾಕಿ ನಿರ್ಧರಿಸುವುದು ವಿವೇಕ.

ತಡೆಗಟ್ಟುವಿಕೆ

ಸುಕ್ಕನ್ನು ಪೂರ್ಣವಾಗಿ ತಡೆಯಲಾಗದು, ಮುಂದೂಡಬಹುದು. ಸನ್‌ಸ್ಕ್ರೀನ್ ಲೇಪನವನ್ನು ಮುಖಕ್ಕೆ ಹಚ್ಚುವವರು ಕುತ್ತಿಗೆಯನ್ನು ಮರೆಯುವುದೇ ಹೆಚ್ಚು. ರಕ್ಷಣಾಂಕ 30 ಇರುವ ಲೇಪನವು ಸಾಕಷ್ಟು ಪ್ರಮಾಣದಲ್ಲಿ ಹಚ್ಚಿದಾಗ ಬಿ ಕಿರಣಗಳಲ್ಲಿ ಸುಮಾರು ಶೇಕಡ 97ರಷ್ಟನ್ನು ತಡೆಯುತ್ತದೆ. ಬೆವರಿದಾಗ ಮತ್ತು ಸುಮಾರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಲೇಪನಕ್ಕೆ ಹಣವಿಲ್ಲದವರಿಗೆ ಬಟ್ಟೆಯ ರಕ್ಷಣೆ ಕಡಿಮೆಯದಲ್ಲ. ಹೊಲದ ಕೆಲಸದಲ್ಲಿ ತಲೆಯ ಮೇಲಿಂದ ಕತ್ತಿನ ಹಿಂಭಾಗಕ್ಕೆ ಇಳಿಯುವ ದಟ್ಟ ನೇಯ್ಗೆಯ ಟವಲು ಅಥವಾ ಸೆರಗು, ಅಗಲ ಅಂಚಿನ ಟೋಪಿ, ಮಧ್ಯಾಹ್ನ ನೆರಳಿನ ವಿರಾಮ ಇವು ಖರ್ಚಿಲ್ಲದ ಉಪಾಯಗಳು. ಧೂಮಪಾನ ಬಿಡುವುದು, ತೂಕವನ್ನು ನಿಧಾನವಾಗಿ ಇಳಿಸುವುದು, ಸಮತೋಲನದ ಆಹಾರ ಸಹಕಾರಿ. ಕುತ್ತಿಗೆಯ ವ್ಯಾಯಾಮದಿಂದ ಚರ್ಮ ಬಿಗಿಯಾಗುತ್ತದೆ ಎಂಬ ನಂಬಿಕೆಗೆ ಗಟ್ಟಿಯಾದ ಆಧಾರವಿಲ್ಲ.

ಸಾಂಸ್ಕೃತಿಕ ನೋಟ

ಭಾರತೀಯ ಕಾವ್ಯ ಮತ್ತು ಶಿಲ್ಪ ಪರಂಪರೆಯಲ್ಲಿ ಕುತ್ತಿಗೆಯ ಗೆರೆಗಳಿಗೆ ಗೌರವದ ಸ್ಥಾನವಿದೆ. ಶಂಖದ ಮೈಮೇಲಿನ ಸುರುಳಿಗಳಂತೆ ಮೂರು ರೇಖೆಗಳುಳ್ಳ ಕೊರಳನ್ನು ಉತ್ತಮ ಲಕ್ಷಣವೆಂದು ಎಣಿಸಿ ಕಂಬುಕಂಠ, ಕಂಬುಗ್ರೀವ ಎಂಬ ಹೆಸರುಗಳಿಂದ ವರ್ಣಿಸಲಾಗಿದೆ. ದೇವತೆಗಳ ಮತ್ತು ಜಿನರ ವಿಗ್ರಹಗಳಲ್ಲಿ ಶಿಲ್ಪಿಗಳು ಈ ಮೂರು ರೇಖೆಗಳನ್ನು ಉದ್ದೇಶಪೂರ್ವಕವಾಗಿ ಕಡೆದಿರುವುದನ್ನು ಕಾಣಬಹುದು. ಇಂದು ಅಳಿಸಲು ಹಣ ಕೊಡುವ ಅಡ್ಡಗೆರೆಯು ಹಿಂದೆ ಸೌಂದರ್ಯದ ಗುರುತಾಗಿತ್ತು. ಕುತ್ತಿಗೆಯ ಗೆರೆಗಳಲ್ಲಿ ಯಾವುದು ದೋಷ, ಯಾವುದು ಸಹಜ ಎಂಬ ನಿರ್ಣಯ ಕಾಲಕ್ಕೂ ರುಚಿಗೂ ಸೇರಿದ್ದು. ಆದ್ದರಿಂದ ಚಿಕಿತ್ಸೆ ಬಯಸುವುದೂ ಬೇಡವೆನ್ನುವುದೂ ವ್ಯಕ್ತಿಯ ಸ್ವಂತ ನಿರ್ಧಾರವಾಗಿರಬೇಕು; ಮದುವೆಯ ಮಾತುಕತೆ, ಉದ್ಯೋಗ ಅಥವಾ ಜಾಹೀರಾತಿನ ಒತ್ತಡಕ್ಕೆ ಮಣಿದು ಕೈಗೊಂಡ ತೀರ್ಮಾನವಾಗಬಾರದು.